ಹೆಡ್ ಸಿಸ್ಟರ್ ಲಸಿಕೆ ಬೇಡವೆಂದದ್ದು

ಮನೆಯಿಂದ,
ಜನವರಿ ೧೮, ಭಾನುವಾರ

ಪ್ರೀತಿಯ ಅಣ್ಣಾ,

ನಿನ್ನ ಬೆನ್ನುನೋವು ಹೇಗಿದೆ? ಉರಿಯುವ ಕಟ್ಟಡಕ್ಕೆ ಏಣಿ ಹಾಕಿ ಹತ್ತುವವನಿಗೆ ಡಾಕ್ಟರ ಮೆಟ್ಟಿಲು ಹತ್ತಲು ಏನು ಧಾಡಿಯೋ ಕಾಣೆ. ಅತ್ತಿಗೆಯ ಕೈಲಿ ಬೈಸಿಕೊಂಡಾದರೂ ಹೋಗಿ ತೋರಿಸು. ಮಕ್ಕಳು ಚೆನ್ನಾಗಿದ್ದಾರೆಂದು ನಂಬಿದ್ದೇನೆ. ಫೋನ್ ಮಾಡಿದರೆ ನಾವಿಬ್ಬರೂ ಎರಡನೇ ಮಾತಿಗೇ ದನಿ ಏರಿಸುತ್ತೇವೆ, ಅದಕ್ಕೇ ಈ ಕಾಗದ. ಇದರಲ್ಲಿ ನೀನು ನಡುವೆ ಬಾಯಿ ಹಾಕುವಂತಿಲ್ಲ.

ನಮ್ಮ ವಾರ್ಡಿನ ಹೆಡ್ ಸಿಸ್ಟರ್ ನಿನಗೆ ನೆನಪಿರಬೇಕು. ಆ ದೊಡ್ಡ ಸಾಂಕ್ರಾಮಿಕದ ವರ್ಷ ನಿಮ್ಮ ಅಗ್ನಿಶಾಮಕ ಠಾಣೆಗೆ ಲಸಿಕೆ ಹಾಕಲು ಬಂದಿದ್ದರಲ್ಲ, ಅವರೇ. ಸೂಜಿ ಕಂಡು ಬೆವೆತ ನಿಮ್ಮ ದಪ್ಪ ಡ್ರೈವರನಿಗೆ, "ಬೆಂಕಿಗೆ ಹೆದರಲ್ಲ, ಇದಕ್ಕೆ ಹೆದರ್ತೀಯಲ್ಲಪ್ಪ" ಎಂದು ಇಡೀ ಠಾಣೆಯನ್ನು ನಗಿಸಿದವರು. ನೀನೂ ನಗುತ್ತಲೇ ಅಂಗಿಯ ತೋಳು ಮಡಿಸಿದ್ದೆ. ಆಮೇಲೆ ಬಂತಲ್ಲ ಆದೇಶ, ಹಾಕಿಸಿಕೊಳ್ಳದವರಿಗೆ ಕೆಲಸವಿಲ್ಲವೆಂದು. ನಿನ್ನ ಜೊತೆಗಾರನನ್ನು ಮನೆಗೆ ಕಳಿಸಿದರು. ನೀನು ಹಲ್ಲು ಕಚ್ಚಿ ಇನ್ನೊಂದು ಹಾಕಿಸಿಕೊಂಡೆ, ಅದೇ ಕೊನೆ. ಇನ್ನು ಯಾವ ಲಸಿಕೆಗೂ ತೋಳು ಚಾಚುವುದಿಲ್ಲ ಎಂದೆ. ನಾವು ಕೆಲಕಾಲ ಮಾತು ಬಿಟ್ಟಿದ್ದೂ ಅದರ ಮೇಲೇ.

ಈ ಚಳಿಗಾಲಕ್ಕೆ ಫ್ಲೂ ಲಸಿಕೆ ಬಂತು. ಈಗ ಬಲವಂತವಿಲ್ಲ, ಗೋಡೆಯ ಮೇಲೊಂದು ಚೀಟಿ ಅಷ್ಟೆ. ಹಿಂದೆಲ್ಲ ಸರತಿಯಲ್ಲಿ ತಳ್ಳಾಡುತ್ತಿದ್ದ ಆಂಬ್ಯುಲೆನ್ಸಿನವರು ಈ ಸಲ ಗಾಡಿಯಿಂದ ಕೆಳಗಿಳಿಯಲೇ ಇಲ್ಲ. ನಮ್ಮ ನರ್ಸ್ ಹುಡುಗಿಯರು, ಹೆಡ್ ಸಿಸ್ಟರ್ ಹಾಕಿಸಿಕೊಂಡರೇ ಎಂದು ನನ್ನನ್ನು ಕೇಳಿದರು. ಅವರು ಹಾಕಿಸಿಕೊಂಡಿರಲಿಲ್ಲ. ಯಾವುದೋ ಗಾಳಿಮಾತು ಕೇಳಿ ಕೆಟ್ಟಿದ್ದಾರೆಂದುಕೊಂಡು, ಜಗಳಕ್ಕೆ ಸಿದ್ಧಳಾಗಿಯೇ ಚಹಾ ಕೋಣೆಗೆ ಹೋದೆ. ಅವರು ಲೋಟ ತೊಳೆಯುತ್ತ, ನನ್ನ ಕಡೆ ತಿರುಗದೆ ಹೇಳಿದರು: "ಮೊದಲನೇದು ನಂಬಿ ಹಾಕಿಸ್ಕೊಂಡೆ ಕಣೆ. ಆಮೇಲೆ ನನ್ನ ಕೈಲೇ ಜನರನ್ನ ಹೆದರಿಸೋ ಕೆಲಸ ಮಾಡಿಸಿದ್ರು. ಒಬ್ರಾದ್ರೂ ನಮ್ಮನ್ನ ಕೂರಿಸಿ ಮಾತಾಡಿದ್ರಾ? ನಂಗೆ ಸಾಕಾಗಿದೆ." ಲಸಿಕೆಯ ಬಗ್ಗೆ ಕೇಳಿದ್ದರೆ ನನ್ನಲ್ಲಿ ಉತ್ತರವಿತ್ತು. ಅವರು ಹೇಳಿದ್ದು ದಣಿವಿನ ಮಾತು; ತೊಳೆದ ಲೋಟಗಳನ್ನು ಒರೆಸಿಟ್ಟು ಬಂದೆ.

ಹೊಸ ವರ್ಷಕ್ಕೆ ಮುಂಚೆ ವಾರ್ಡಿಗೆ ಫ್ಲೂ ಹೊಕ್ಕಿತು. ಮೊದಲು ನೆಲ ಒರೆಸುವಾಕೆ ಕೆಮ್ಮಿದಳು, ಆಮೇಲೆ ಹೆಡ್ ಸಿಸ್ಟರ್, ಆಮೇಲೆ ರೋಗಿಗಳು. ನಮ್ಮಲ್ಲಿರುವವರೆಲ್ಲ ವಯಸ್ಸಾದವರು. ನಮ್ಮನ್ನೆಲ್ಲ "ಏ ಮಗಾ" ಎಂದು ಕರೆಯುತ್ತಿದ್ದ ಟೈಲರ್ ಅಜ್ಜಿ ಹೋದರು. ನನ್ನ ಕೋಟಿನ ಸಡಿಲ ಗುಂಡಿ ನೋಡಿ, ಹೊಲಿದುಕೊಡ್ತೀನಿ ತಾ ಎಂದು ಹಿಂದಿನ ದಿನವಷ್ಟೇ ಹೇಳಿದ್ದರು. ಅವರ ಹಿಂದೆಯೇ ಪಕ್ಕದ ಹಾಸಿಗೆಯ ತಾತನೂ ಹೋದರು. ಯಾರಿಂದ ಬಂತೆಂದು ಯಾರೂ ಹೇಳಲಾರರು. ನೋಡಲು ಬಂದವರಿಂದಲೂ ಬಂದಿರಬಹುದು, ನನ್ನಿಂದಲೂ. ಲಸಿಕೆ ಹಾಕಿಸಿಕೊಂಡ ನನಗೂ ಸಣ್ಣಗೆ ಜ್ವರ ಬಂದಿತ್ತು. ಇದನ್ನೇ ಹೆಡ್ ಸಿಸ್ಟರಿಗೆ ಮತ್ತೆ ಮತ್ತೆ ಹೇಳಿದೆ. ಅವರ ಕಿವಿಗೆ ಬೀಳಲಿಲ್ಲ. ರಜೆ ಹಾಕಿದವರು ತಿರುಗಿ ಬರಲೇ ಇಲ್ಲ. ಮನೆಗೆ ಹೋದರೆ ಹಗಲಲ್ಲೇ ಪರದೆ ಎಳೆದುಕೊಂಡು ಕೂತಿದ್ದರು. ಅಷ್ಟು ಗಟ್ಟಿ ದನಿ ಎಲ್ಲಿ ಹೋಯಿತೋ. "ಯಾರೂ ನನ್ನ ಬೈಲಿಲ್ಲ. ಬೈದಿದ್ರೆ ಚೆನ್ನಾಗಿರ್ತಿತ್ತು" ಎಂದರು. ಮಾರನೇ ದಿನ ರಾಜೀನಾಮೆ ಕಳಿಸಿದರು.

ಅವರ ಜಾಗಕ್ಕೆ ಸದ್ಯ ನನ್ನನ್ನು ಕೂರಿಸಿದ್ದಾರೆ. ಹುಡುಗಿಯರಿಗೆ ಗೋಡೆಯ ಚೀಟಿ ತೋರಿಸುವುದನ್ನು ಬಿಟ್ಟಿದ್ದೇನೆ. ಒಬ್ಬೊಬ್ಬಳ ಜೊತೆ ಕೂತು, ನನಗೆ ಗೊತ್ತಿರುವುದನ್ನೂ ಗೊತ್ತಿಲ್ಲದ್ದನ್ನೂ ಹೇಳುತ್ತೇನೆ. ಕೆಲವರು ಹಾಕಿಸಿಕೊಂಡರು. ಇನ್ನು ಕೆಲವರು, ನೋಡೋಣ ಅಕ್ಕಾ ಎನ್ನುತ್ತ ಎದ್ದು ಹೋಗುತ್ತಾರೆ. ಮೊದಲಿನ ಹಾಗೆ ಗೆದ್ದೆನೆಂಬ ಖುಷಿಯೂ ಇಲ್ಲ, ಸೋತೆನೆಂಬ ಸಿಟ್ಟೂ ಇಲ್ಲ.

ಅತ್ತಿಗೆಗೆ ನನ್ನ ನೆನಪು ಹೇಳು. ಮಕ್ಕಳ ಕೆನ್ನೆಗೆ ಒಂದೊಂದು ಮುತ್ತು. ಹಟದಲ್ಲಿ ಮಾತ್ರ ಅವು ನಮ್ಮಿಬ್ಬರನ್ನು ಹೋಲದಿರಲಿ.

ನಿನ್ನ ತಂಗಿ,
ಚೂಟಿ

ಮತ್ತೆ: ಇಷ್ಟುದ್ದ ಬರೆದರೂ ಇದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ಅಪ್ಪನಿಗೆ ರಕ್ತದ ಕ್ಯಾನ್ಸರ್. ಮುಂದಿನ ವಾರ ಚಿಕಿತ್ಸೆ ಶುರು. ಆಮೇಲೆ ಒಂದು ಸಣ್ಣ ಜ್ವರವನ್ನೂ ಅವರ ಮೈ ತಡೆಯುವುದಿಲ್ಲವಂತೆ. ನಿನ್ನನ್ನು ನೋಡಬೇಕು ಅನ್ನುತ್ತಿದ್ದಾರೆ. ಫ್ಲೂ ಲಸಿಕೆ ಮೈಗೆ ಹತ್ತಲು ಎರಡು ವಾರ ಬೇಕು, ಈಗಲೇ ಹಾಕಿಸಿಕೋ ಅಣ್ಣಾ. ಇದು ಆದೇಶವಲ್ಲ, ಬೇಡಿಕೊಳ್ಳುತ್ತಿದ್ದೇನೆ. ನಿನ್ನಿಂದ ಆಗದೇ ಹೋದರೂ ಬಾ. ಅಪ್ಪನ ಮಂಚವನ್ನು ಕಿಟಕಿಯ ಪಕ್ಕಕ್ಕೆ ಸರಿಸುತ್ತೇನೆ, ಗಾಜಿನ ಆಚೆ ನಿನಗೊಂದು ಕುರ್ಚಿ ಹಾಕುತ್ತೇನೆ.