ಎಡಗಾಲಿನ ಬೂಟು

ಮಂಗಳವಾರ, ಅಂಗಡಿ ತೆಗೆಯುವ ಮುಂಚೆ

ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡು ಮನೆ ಬಿಟ್ಟ ಯಜಮಾನರಿಗೆ, ಮನೆಯಲ್ಲೇ ಉಳಿದವಳ ನಮಸ್ಕಾರ.

ಕಾಗದ ನೋಡಿ ಇವಳು ರಾಜಿಗೆ ಬಂದಳು ಎಂದು ಹಿಗ್ಗಬೇಡಿ. ಅವತ್ತು ಗಿರಾಕಿಯ ಎದುರು ನಾನು ಹೇಳಿದ್ದು ಸರಿ, ಈಗಲೂ ಸರಿ. ಹೊಸ ಅಟ್ಟೆ ಹಾಕಿದ್ದ ಬೂಟನ್ನು ನೀವು ಮೂಲದ ಅಟ್ಟೆಯದೇ ಎಂದಿರಿ. ನಾನು ಹೊಲಿಗೆ ತೋರಿಸಿ ಅಲ್ಲ ಎಂದೆ. ಗಂಡನ ಮಾನ ಬೀದಿಗೆ ತಂದಳು ಎಂದು ನೀವು ಪೆಟ್ಟಿಗೆ ಕಟ್ಟಿದಿರಿ. ಅದು ಹಾಗಿರಲಿ. ಇದು ವ್ಯಾಪಾರದ ಕಾಗದ. ಒಂದು ಜೊತೆ ಹಳೆಯ ಬೂಟಿನ ವಿಷಯ.

ಹೋದ ವಾರ ದಲ್ಲಾಳಿ ಗಿಣಿಮೂಗ ಬಂದಿದ್ದ. ನಮ್ಮಿಬ್ಬರ ಊರಿಗೂ ಹೋಗಿ ಬರುವವನು ಅವನೊಬ್ಬನೇ ಅಲ್ಲವೇ. ಸತ್ತುಹೋದ ವಕೀಲರೊಬ್ಬರದು ಅಕ್ಕಾ, ನಿಮ್ಮ ಕಣ್ಣಿಗೆ ಮೊದಲು ಬೀಳಲಿ ಅಂತ ತಂದೆ ಎಂದು ಬಟ್ಟೆ ಬಿಚ್ಚಿದ. ಕಂದು ಬೂಟು, ಕೈಹೊಲಿಗೆ, ಮೂತಿಯ ಮೇಲೆ ಸಣ್ಣ ತೂತುಗಳ ಚಿತ್ತಾರ. ಮೂಸಿದೆ, ಒಳ್ಳೆಯ ತೊಗಲು. ಬಗ್ಗಿಸಿದೆ, ಬಿರುಕಿಲ್ಲ. ಆಮೇಲೆ ಎರಡನ್ನೂ ಬೋರಲು ಹಾಕಿ ನೋಡಿದೆ. ಬಲಗಾಲಿನದು ನಡುವೆ ಸಮವಾಗಿ ಸವೆದಿತ್ತು. ಎಡಗಾಲಿನದು ತುದಿಯಲ್ಲಿ ಹೊಲಿಗೆಯವರೆಗೂ ಉಜ್ಜಿಹೋಗಿತ್ತು, ಹಿಮ್ಮಡಿ ಮಾತ್ರ ಹಾಗೇ ಇತ್ತು. ಮೇಲಿನ ಮಡಿಕೆಗಳೂ ಬಲದಲ್ಲಿ ಆಳ, ಎಡದಲ್ಲಿ ಹೆಸರಿಗೆ ಮಾತ್ರ.

ಬೆರಕೆ ಜೋಡಿ ಕಣಯ್ಯಾ ಎಂದೆ. ಇದೊಂದು ಎಲ್ಲಿಂದಲೋ, ಅದೊಂದು ಎಲ್ಲಿಂದಲೋ, ಬಣ್ಣ ಬಳಿದು ಗಂಟು ಹಾಕಿದ್ದಾರೆ ಎಂದು ಅವನಿಗೆ ಚೆನ್ನಾಗಿ ಉಗಿದೆ. ಅಯ್ಯೋ ನನ್ನ ತಲೆ ಮೇಲೆ ಯಾಕೆ ಹಾಕ್ತೀರಿ ಅಕ್ಕಾ ಎಂದು ಅವನು ಗೊಣಗಿದ. ಬೂಟು ಇಲ್ಲೇ ಇರಲಿ, ಇದನ್ನು ಗಂಟು ಹಾಕಿದ ಮೋಸಗಾರನಿಗೆ ನಾಲ್ಕು ಮಾತು ಬರೆದು ಕಳಿಸುತ್ತೇನೆ ಎಂದೆ. ಇಂಥ ಕೆಲಸ ನೀವೇ ಮಾಡಿರಬಹುದು ಎಂಬ ಗುಮಾನಿಯೂ ಬಂದಿತ್ತು, ಸುಳ್ಳೇಕೆ ಹೇಳಲಿ.

ಬರೆಯುವ ಮುಂಚೆ ಸಾಕ್ಷಿ ಬೇಕಲ್ಲ. ದೀಪ ಹಿಡಿದು ಬೂಟಿನ ನಾಲಿಗೆಯ ಒಳಗೆ ನೋಡಿದರೆ ಎರಡರಲ್ಲೂ ಒಂದೇ ಸಂಖ್ಯೆ, ಒಂದೇ ಕೈಬರಹ. ತೊಗಲಿನ ರಂಧ್ರಗಳೂ ಒಂದೇ ನಮೂನೆ. ಹೊಲಿಗೆ ಹಾಕಿದ ಕೈಯೂ ಒಂದೇ. ಜೋಡಿ ಅಪ್ಪಟ ಜೋಡಿ! ಬೇರೆ ಬೇರೆ ಆಗಿದ್ದು ಬೂಟಲ್ಲ, ಅದನ್ನು ಹಾಕಿದವನ ಕಾಲು. ಇಷ್ಟು ವರ್ಷ ಬೂಟು ನೋಡಿ ನೋಡಿ ನನಗೆ ಬೂಟೇ ಕಾಣುತ್ತದೆ, ಒಳಗೊಬ್ಬ ಮನುಷ್ಯ ಇದ್ದ ಎನ್ನುವುದು ಹೊಳೆಯುವುದೇ ಇಲ್ಲ.

ಯಾರಪ್ಪಾ ಈ ಪುಣ್ಯಾತ್ಮ ಎಂದು ಬಲಗಾಲಿನ ಬೂಟಿನೊಳಗೆ ಕೈ ಹಾಕಿದೆ. ಕಿರುಬೆರಳಿನ ಜಾಗದಲ್ಲಿ ತೊಗಲು ಮೇಲೆದ್ದು ಗುಳ್ಳೆಯಂತಾಗಿತ್ತು. ಪಕ್ಕದ ಬೆರಳ ಮೇಲೆ ಹತ್ತಿ ಕೂರುವ ಕಿರುಬೆರಳು ಈ ಲೋಕದಲ್ಲಿ ಎಷ್ಟು ಜನರಿಗಿದೆಯೋ ನಾನರಿಯೆ. ಆ ಗುಳ್ಳೆ ಎಷ್ಟು ಎತ್ತರ, ಎಷ್ಟು ಓರೆ ಎಂಬುದು ಮಾತ್ರ ನನ್ನ ಬೆರಳಿಗೆ ಗೊತ್ತು.

ವಕೀಲರು ಸತ್ತಿಲ್ಲ. ಅವರು ವಕೀಲರೂ ಅಲ್ಲ.

ಗಿಣಿಮೂಗನನ್ನು ಮತ್ತೆ ಕರೆಸಿದೆ. ಟೀ ಕೊಟ್ಟೆ, ಬೈದೆ, ಇನ್ನೊಂದು ಟೀ ಕೊಟ್ಟೆ. ಆಗ ಬಾಯಿ ಬಿಟ್ಟ. ಮನೆ ಬಿಟ್ಟು ಹೋದ ಮೇಲೆ ನೀವು ಅಲ್ಲಿ ಕೊಂಡ ಬೂಟಂತೆ. ಈ ಬೂಟು ಸರಿಯಿಲ್ಲ, ಎಡವಿಸುತ್ತದೆ, ಯಾರಿಗಾದರೂ ದಾಟಿಸು, ನನ್ನ ಹೆಸರು ಎತ್ತಬೇಡ ಎಂದಿರಂತೆ. ಮೆಟ್ಟಿಲ ಮೇಲೆ ಮುಗ್ಗರಿಸಿ ಮೊಣಕೈ ತರಚಿಕೊಂಡಿದ್ದೀರಂತೆ. ಈಗ ಚಪ್ಪಲಿಗೆ ಇಳಿದಿದ್ದೀರಂತೆ. ಮೊನ್ನೆ ಎಡಗಾಲಿನ ಚಪ್ಪಲಿ ಹಿಂದೆಯೇ ಉಳಿದರೂ ನಿಮಗೆ ಗೊತ್ತಾಗದೆ ಹಣ್ಣಿನ ಅಂಗಡಿಯ ತನಕ ಬರಿಗಾಲಲ್ಲಿ ನಡೆದಿರಂತೆ. ಬೀದಿಯವರೆಲ್ಲ ಬಿದ್ದು ಬಿದ್ದು ನಕ್ಕರು, ಅಣ್ಣನೂ ನಕ್ಕರು ಅಕ್ಕಾ ಎಂದು ಅವನು ತಾನೂ ನಕ್ಕ. ನನ್ನ ಮುಖ ನೋಡಿ ಲೋಟ ಕೆಳಗಿಟ್ಟ.

ರೀ, ಬೂಟು ಯಾರನ್ನೂ ಎಡವಿಸುವುದಿಲ್ಲ. ಹಳೆಯ ಬೂಟಿಗೆ ಬೆಲೆ ಕಟ್ಟುವ ಗಂಡಸಿಗೆ ಇಷ್ಟೂ ಹೊಳೆಯಲಿಲ್ಲವೇ?

ನಾನು ಆ ಎಡಗಾಲಿನ ಬೂಟನ್ನು ಚೀಲದಲ್ಲಿ ಹಾಕಿಕೊಂಡು ನರಗಳ ಡಾಕ್ಟರ ಹತ್ತಿರ ಹೋದೆ. ರೋಗಿ ಎಲ್ಲಮ್ಮಾ ಎಂದರು. ಮೇಜಿನ ಮೇಲೆ ಬೂಟು ಇಟ್ಟೆ. ಬಾಗಿಲ ಬಳಿ ಕೂತಿದ್ದ ನರ್ಸ್ ಕಡೆ ನೋಡಿ ಡಾಕ್ಟರು ನಗು ನುಂಗಿಕೊಂಡರು. ನಾನು ಬೂಟು ಮಗುಚಿ ತುದಿ ತೋರಿಸಿದೆ, ಹಿಮ್ಮಡಿ ತೋರಿಸಿದೆ, ಚಪ್ಪಲಿಯ ಕಥೆ ಹೇಳಿದೆ. ಆಮೇಲೆ ಅವರು ನಗಲಿಲ್ಲ. ಕಾಲು ನೋಡದೆ ಏನೂ ಖಚಿತ ಹೇಳಲಾರೆ ಎಂದರು. ಬೆನ್ನಿನಲ್ಲಿ ಎಲ್ಲೋ ನರ ಒತ್ತಿಕೊಂಡಿರಬಹುದು, ಬೇಗ ಕರೆತಂದರೆ ಉಳಿಸಿಕೊಳ್ಳಬಹುದು, ತಡ ಮಾಡಿದರೆ ಆ ಪಾದ ಮತ್ತೆ ಮೇಲೇಳದೆ ಹೋಗಬಹುದು ಎಂದರು. ಬೇಗ ಎಂದರೆ ಎಷ್ಟು ಬೇಗ ಎಂದು ಕೇಳಿದೆ. ನಿನ್ನೆಯೇ ಬರಬೇಕಿತ್ತು ಎಂದರು.

ನನಗೇನೂ ಗಾಬರಿಯಿಲ್ಲ. ಅಂಗಡಿಗೆ ಬಂದವರ ಕಾಲನ್ನೇ ನೋಡುತ್ತ ಕೂರುತ್ತೇನೆ ಅಷ್ಟೆ. ನಿನ್ನೆ ಒಬ್ಬರು ಪಾಲಿಶ್ ಕೇಳಿದರೆ ಲೇಸು ಕಟ್ಟಿಕೊಟ್ಟೆ.

ನಿಮ್ಮ ಬೂಟಿಗೆ ನಾನು ಕಟ್ಟಿದ ಬೆಲೆ ಕೇಳಿ. ಅಪರೂಪದ ಜೋಡಿ, ತೊಗಲು ಗಟ್ಟಿ, ರಿಪೇರಿಗೆ ಬಗ್ಗುತ್ತದೆ. ಮಾರಾಟಕ್ಕಿಲ್ಲ. ಗುರುವಾರದೊಳಗೆ ಬನ್ನಿ. ಜಗಳ ಮುಂದುವರಿಸುವುದಿದ್ದರೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಮುಂದುವರಿಸೋಣ, ಅಲ್ಲಿ ಕಾಯಲು ಬೇಕಾದಷ್ಟು ಹೊತ್ತು ಸಿಗುತ್ತದೆ. ನಾನಂತೂ ನಿಮ್ಮನ್ನು ಕರೆಯಲು ನಿಮ್ಮ ಊರಿಗೆ ಬರುವವಳಲ್ಲ. ಅಂಗಡಿ ಬಿಡಲು ಪುರುಸೊತ್ತಿಲ್ಲ, ನಿಮ್ಮ ಬಾಗಿಲಲ್ಲಿ ಬಂದು ನಿಲ್ಲುವಷ್ಟು ಹಂಬಲವೂ ಇಲ್ಲ.

ಇಂತಿ,
ಬೂಟು ವಾಪಸು ಕೊಡದ ನಿಮ್ಮ ಹೆಂಡತಿ

ತಾಜಾ ಕಲಂ: ಈ ಸಾಲುಗಳನ್ನು ನಿಮ್ಮ ಬಾಗಿಲ ಹೊರಗೆ, ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಬಾಯಿ ತೆರೆದರೆ ಜಗಳವಾಗುತ್ತದೆ, ಅದಕ್ಕೇ ಕಾಗದ. ಒಳಗೆ ನೀವು ಓಡಾಡುವುದು ಕೇಳಿಸುತ್ತಿದೆ. ಒಂದು ಹೆಜ್ಜೆ ನೆಲ ಮುಟ್ಟುತ್ತದೆ, ಇನ್ನೊಂದು ನೆಲ ಸವರುತ್ತದೆ. ಕೆಳಗೆ ಟ್ಯಾಕ್ಸಿ ನಿಂತಿದೆ. ಈಗ ಇದನ್ನು ಬಾಗಿಲ ಸಂದಿಯಿಂದ ಒಳಗೆ ತೂರಿಸುತ್ತೇನೆ. ಓದಿ, ಬಂದು ಚಿಲಕ ತೆಗೆಯಿರಿ. ಗೋಡೆ ಹಿಡಿದುಕೊಂಡು ನಿಧಾನವಾಗಿ ಬನ್ನಿ, ನಾನು ಎಲ್ಲಿಗೂ ಹೋಗುವುದಿಲ್ಲ.