ಕಾಳು ಬಿಡಿಸುವ ಕೈಯಂತ್ರ

೯ ಡಿಸೆಂಬರ್ ೨೦೦೭, ರವಿವಾರ, ತುಕ್ಕಾನಟ್ಟಿ

ಒಟ್ಟಿಗೇ ಓದುತ್ತಿರುವ ಎರಡು ಪದವಿಗಳಲ್ಲಿ ಒಂದನ್ನು ಬಿಡುವುದೇ? ವಾರದಿಂದ ಇದೇ ಕೊರೆತ. ಚಿತ್ರಕಲೆ ಬಿಟ್ಟು ಯಂತ್ರವಿನ್ಯಾಸವನ್ನಷ್ಟೇ ಓದೋಣವೆಂದು ಅರ್ಜಿಯನ್ನೂ ಬರೆದಿಟ್ಟಿದ್ದೆ.

ಇವತ್ತು ನಾನು ಮಾಡಿದ ಗೋವಿನಜೋಳದ ಕಾಳು ಬಿಡಿಸುವ ಕೈಯಂತ್ರವನ್ನು ನಮ್ಮ ಹೊಲದ ಕೆಲಸಕ್ಕೆ ಬರುವ ಭರಮವ್ವನಿಗೆ ಕೊಟ್ಟೆ. ಹತ್ತು ತೆನೆ ಬಿಡಿಸಿ ಕೆಳಗಿಟ್ಟಳು.

“ಚಲೋ ಐತಿ ತಂಗಿ, ಖರೆ ಹಿಡಿಕಿ ಅಂಗೈಗೆ ಒತ್ತತೈತಿ. ನಾ ಕೈಲೇ ಬಿಡಸ್ತೇನಿ.”

“ಯವ್ವಾ, ನಿನ್ನ ಕೈ ತೋರಸು” ಎಂದೆ.

“ಏನ್ ನೋಡ್ತಿ ಇದರಾಗ?” ಎನ್ನುತ್ತ ಸೆರಗಿಗೆ ಒರೆಸಿಕೊಂಡು ಚಾಚಿದಳು. ಹೆಬ್ಬೆರಳಿನ ಬುಡದಲ್ಲಿ ಗಟ್ಟಿ ಗಂಟು. ಕಿರುಬೆರಳು ಪೂರ್ತಿ ಮಡಚುವುದಿಲ್ಲ. ಒಂದು ತಾಸು ಕುಳಿತು ಆ ಕೈಯ ಚಿತ್ರ ಬರೆದೆ. ಬರೆಯುತ್ತ ಬರೆಯುತ್ತ ಹಿಡಿಕೆ ಎಲ್ಲಿ ತಪ್ಪಿದೆಯೆಂದು ತಿಳಿಯಿತು. ಮಧ್ಯಾಹ್ನ ಹೊಸ ಹಿಡಿಕೆ ಕೆತ್ತಿ ಕೂರಿಸಿದೆ. ಅರ್ಜಿ ಆಗಲೇ ಒಲೆಗೆ ಹೋಯಿತು.

ಭರಮವ್ವ ಅದರಿಂದಲೇ ಬಿಡಿಸತೊಡಗಿದಳು. ಒಂದು ಬುಟ್ಟಿ ಮುಗಿಸಿ ಇನ್ನೊಂದನ್ನು ಎಳೆದುಕೊಂಡಳು. ಅವಳಿಂದ ಇವತ್ತು ಎಷ್ಟು ಕಲಿತೆನೆಂದು ಹೇಳಲು ಹತ್ತಿರ ಹೋದರೆ, ತಲೆಯೆತ್ತದೆಯೇ ಅಂದಳು:

“ನಾಳೆ ಇದನ್ನ ಒಯ್ಯಬ್ಯಾಡ. ಇನ್ನೂ ನಾಕು ಚೀಲ ತೆನಿ ಅದಾವು.”

ನಾಳೆ ಕಾಲೇಜಿನಲ್ಲಿ ಯಂತ್ರ ತೋರಿಸಬೇಕಿತ್ತು. ಚಿತ್ರವನ್ನಷ್ಟೇ ಒಯ್ಯುತ್ತೇನೆ. ಯಂತ್ರ ಎಲ್ಲಿ ಎಂದು ಗುರುಗಳು ಕೇಳಿದರೆ, ಅದು ಕೆಲಸದಲ್ಲಿದೆ ಸರ್, ಎಂದು…