ಬಾಗಿಲಲ್ಲಿ ಬಿಟ್ಟ ಚಪ್ಪಲಿ

ದೇವಲಾಪುರ
20-3-1997

ಡಾಕ್ಟರರಿಗೆ ನಮಸ್ಕಾರ.

ನನ್ನ ಅಣ್ಣ ಕಾಳಾಚಾರ್ ಕುಲುಮೆ ಕೆಲಸದವರು. ಸಕ್ಕರೆ ಕಾಯಿಲೆಯಿಂದ ಅವರ ಪಾದಗಳಿಗೆ ಬಿಸಿ, ನೋವು ಯಾವುದೂ ತಿಳಿಯುವುದಿಲ್ಲ. ಹೋದ ಏಪ್ರಿಲ್‌ನಲ್ಲಿ ಬಲಗಾಲಿನ ಹೆಬ್ಬೆರಳಿನ ಹುಣ್ಣು ತೋರಿಸಲು ಪಾಂಡವಪುರದ ನಿಮ್ಮ ನರ್ಸಿಂಗ್ ಹೋಮಿಗೆ ಬಂದಿದ್ದೆವು. ಬೋರ್ಡಿನಲ್ಲಿ ಬರೆದಿದ್ದಂತೆ ಅಣ್ಣ ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟರು. ನೀವು ರಕ್ತ ಪರೀಕ್ಷೆಗೆ ಕಳಿಸಿದಿರಿ. ಅಲ್ಲಿಯವರು ಎಕ್ಸ್‌ರೇಗೆ ಹೋಗಿ ಎಂದರು, ಎಕ್ಸ್‌ರೇಯವರು ಮತ್ತೆ ನಿಮ್ಮ ಬಳಿಗೇ ಎಂದರು. ಯಾವ ಕೋಣೆ ಎಲ್ಲಿದೆಯೆಂದು ಯಾರೂ ತೋರಿಸಲಿಲ್ಲ. ಮಧ್ಯಾಹ್ನದ ಬಿಸಿಲಿಗೆ ಕಾದ ಅಂಗಳದ ಚಪ್ಪಡಿಗಳ ಮೇಲೆ ಅವರು ಬರಿಗಾಲಲ್ಲಿ ಅಲೆದರು.

ನಾನು ಔಷಧಿ ತರುವಷ್ಟರಲ್ಲಿ ಅಂಗಾಲು ಬೊಬ್ಬೆ ಎದ್ದಿತ್ತು. ಕೂಗಾಡಿದೆ. ನಿಮ್ಮ ಕಾಂಪೌಂಡರ್ ನಕ್ಕರು: "ಕುಲುಮೆ ಆಚಾರಿಗೆ ಇದ್ಯಾವ ಬಿಸಿ, ಬುಡಪ್ಪ!" ಅಣ್ಣನೂ ನಕ್ಕು, "ನಂಗೇನೂ ಆಗಿಲ್ಲ ಕಣ್ಲಾ, ಸುಮ್ಕಿರು" ಎಂದರು.

ಬೊಬ್ಬೆ ಕೊಳೆಯಿತು. ಮೈಸೂರಿನಲ್ಲಿ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು.

ಈಗ ಎಡ ಹಿಮ್ಮಡಿಯಲ್ಲಿ ಹುಣ್ಣಾಗಿದೆ. ದಿನ ಬಿಟ್ಟು ದಿನ ಡ್ರೆಸ್ಸಿಂಗ್ ಆಗಬೇಕು. ಅದಕ್ಕಾಗಿ ಮೈಸೂರಿಗೆ ಓಡಾಡುವುದು ಅವರಿಂದ ಆಗದು. ಹಾಗಾಗಿ ನಿಮ್ಮಲ್ಲಿಗೇ ಬರಬೇಕಾಗಿದೆ.

ಸೋಮವಾರ ಬರುತ್ತೇವೆ. ಅಣ್ಣ ಚಪ್ಪಲಿ ಬಿಚ್ಚುವುದಿಲ್ಲ. ನಿಮ್ಮ ಬೋರ್ಡನ್ನು ನಾನು ಓದಿದ್ದೇನೆ, ಮತ್ತೆ ಓದಿಸಬೇಡಿ.

ಬಾಗಿಲಲ್ಲಿ ಚಪ್ಪಲಿ ಕಾಯಲು ಒಬ್ಬನನ್ನು ಇಟ್ಟಿದ್ದೀರಿ. ಅಂದು ಆತ ನಮ್ಮ ಜೋಡನ್ನು ಧೂಳು ಕೊಡವಿ, ಜೋಪಾನವಾಗಿ ಹಿಂದಿರುಗಿಸಿದ. ಈ ಸಲ ಆತನಿಗೆ ಕಾಯಲು ನಾವು ಏನನ್ನೂ ಬಿಡುವುದಿಲ್ಲ. ಆತನನ್ನು ಅಣ್ಣನ ಜೊತೆಗೆ ಕೋಣೆಯಿಂದ ಕೋಣೆಗೆ ಕಳಿಸಿಕೊಡಿ.

ಇಂತಿ,
ಮೌನೇಶಾಚಾರ್